ಕಾಸಾ ಮಾನ್ಯಿಯ ಬೇಸಗೆ

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವಾಕರ್ ಚಿತ್ರಶಾಲೆಯಲ್ಲಿ ಲೂಯಿ ಎದುವಾರ್ ಫೂರ್ನಿಯೆ ಎಂಬ ಫ್ರೆಂಚ್ ಕಲಾವಿದ 1889ರಲ್ಲಿ ರಚಿಸಿದ ಒಂದು ಚಿತ್ರವಿದೆ. ಕವಿ ಶೆಲ್ಲಿಯ ಅಂತ್ಯಕ್ರಿಯೆ ಅದರ ವಸ್ತು. ಬೂದುಬಣ್ಣದ ಆಕಾಶ, ಚಳಿಗಾಲದ ಬಿಕೋ ಎನ್ನುವ ಕಡಲತೀರ, ಚಿತೆಯ ಮೇಲೆ ನಿದ್ದೆಹೋದವನಂತೆ ಮಲಗಿರುವ ಕವಿ, ದಪ್ಪ ಮೇಲಂಗಿಗಳನ್ನು ತೊಟ್ಟು ನಿಂತಿರುವ ಟ್ರೆಲಾನಿ, ಲೀ ಹಂಟ್, ಬೈರನ್ ಎಂಬ ಮೂವರು ಮಿತ್ರರು, ಅವರಿಂದ ತುಸು ದೂರದಲ್ಲಿ ಮರಳಿನ ಮೇಲೆ ಮೊಣಕಾಲೂರಿ ಕುಳಿತ ಒಬ್ಬ ಹೆಂಗಸು. ಆಕೆ ಕವಿಯ ಪತ್ನಿ ಮೇರಿ. ಶೆಲ್ಲಿಯನ್ನು ಕಾಲೇಜಿನಲ್ಲಿ ಓದಿದ ನಮ್ಮಲ್ಲಿ ಅನೇಕರು ಈ ಚಿತ್ರದ ಪ್ರತಿಯನ್ನು ಯಾವುದಾದರೂ ಪುಸ್ತಕದಲ್ಲಿ ಕಂಡಿರಲೂಬಹುದು.

ಚಿತ್ರ ಮನಸ್ಸಿಗೆ ನಾಟುವಂಥದು. ಆದರೆ ಅದರಲ್ಲಿ ನಿಜವೆನ್ನುವುದು ಬಹು ಸ್ವಲ್ಪ. ಆ ದಹನ ನಡೆದದ್ದು 1822ರ ಆಗಸ್ಟ್ ತಿಂಗಳ ನಡುವಿನಲ್ಲಿ, ಇಟಲಿಯ ಸುಡುಬಿಸಿಲಿನಲ್ಲಿ. ಒಂದು ತಿಂಗಳ ಹಿಂದೆ ನೀರಿನಲ್ಲಿ ಮುಳುಗಿ, ದಡಕ್ಕೆ ಬಂದು, ಸುಣ್ಣ ಹಾಕಿ ಹೂಳಿದ್ದ ದೇಹವನ್ನು ಮರಳಿನಿಂದ ಅಗೆದು ತೆಗೆದಿದ್ದರು. ಅದು ನಿದ್ರಿಸುವವನ ಮುಖವಾಗಿ ಉಳಿದಿರಲಿಲ್ಲ. ಲೀ ಹಂಟ್ ಗಾಡಿಯಿಂದ ಕೆಳಗಿಳಿಯಲೇ ಇಲ್ಲ. ಬೈರನ್ ನೋಡಲಾರದೆ ಸಮುದ್ರಕ್ಕೆ ಧುಮುಕಿ ಈಜುತ್ತ ಹೋದ. ಇನ್ನು ಮೇರಿ? ಆಕೆ ಅಲ್ಲಿ ಇರಲೇ ಇಲ್ಲ.

ಇಲ್ಲದಿದ್ದವಳನ್ನು ಚಿತ್ರಕಾರ ತಂದು ಕೂರಿಸಿದ್ದು ಒಂದು ತಪ್ಪಾದರೆ, ಇದ್ದ ಕಡೆಯಿಂದ ಆಕೆಯನ್ನು ನಮ್ಮ ಸಾಹಿತ್ಯ ಚರಿತ್ರೆಗಳು ತೆಗೆದುಹಾಕಿದ್ದು ಇನ್ನೂ ದೊಡ್ಡ ತಪ್ಪು ಎಂದು ನನಗೆ ತೋರುತ್ತದೆ. ಶೆಲ್ಲಿಯ ಕೊನೆಯ ಬೇಸಗೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ದೋಣಿ, ಬಿರುಗಾಳಿ, ಚಿತೆ. ಆ ಬೇಸಗೆಗೆ ಒಂದು ಮನೆಯೂ ಇತ್ತು. ಆ ಮನೆಯೊಳಗಿನಿಂದ ಈ ಕಥೆಯನ್ನು ನೋಡುವ ಪ್ರಯತ್ನ ಈ ಭಾಷಣದ್ದು.

1822ರಲ್ಲಿ ಇಟಲಿ ಎಂಬ ಒಂದು ರಾಜ್ಯವಿರಲಿಲ್ಲ. ಅದು ಒಂದಾದದ್ದು 1861ರಲ್ಲಿ. ಶೆಲ್ಲಿ ದಂಪತಿಗಳು ವಾಸವಾಗಿದ್ದ ಪೀಸಾ, ಅದರ ಸಮೀಪದ ರೇವುಪಟ್ಟಣ ಲಿವೊರ್ನೊ, ಇವೆರಡೂ ಟಸ್ಕನಿಯ ಮಹಾಪ್ರಭುವಿನ ಆಳ್ವಿಕೆಗೆ ಸೇರಿದ್ದವು. ಅಲ್ಲಿಂದ ಉತ್ತರಕ್ಕೆ ಕರಾವಳಿಯಲ್ಲಿ ನಡೆದರೆ ವಿಯಾರೆಜ್ಜೊ. ಅದು ಲುಕ್ಕಾ ಸಂಸ್ಥಾನ. ಇನ್ನೂ ಮುಂದೆ ಸ್ಪೆಜಿಯಾ ಕೊಲ್ಲಿಯ ಅಂಚಿನಲ್ಲಿ ಕೋಟೆಯೊಂದನ್ನು ತಲೆಯ ಮೇಲೆ ಹೊತ್ತ ಲೆರಿಚಿ ಎಂಬ ಪಟ್ಟಣ. ಅದು ಸಾರ್ಡೀನಿಯಾ ದೊರೆಯದು. ಐವತ್ತು ಮೈಲಿಯ ಕರಾವಳಿಯಲ್ಲಿ ಹಲವು ಸರ್ಕಾರಗಳು, ಹಲವು ಸುಂಕದ ಕಟ್ಟೆಗಳು, ಹಲವು ಆರೋಗ್ಯ ಕಾನೂನುಗಳು. ಈ ವಿವರವನ್ನು ಕೇಳುಗರು ನೆನಪಿನಲ್ಲಿಡಬೇಕು; ಕಥೆಯ ಕೊನೆಯವರೆಗೂ ಅದು ಕೆಲಸ ಮಾಡುತ್ತದೆ.

ಬೇಸಗೆಯನ್ನು ಕಡಲತಡಿಯಲ್ಲಿ ಕಳೆಯಬೇಕೆಂಬುದು ಶೆಲ್ಲಿಯ ಬಹುದಿನದ ಆಸೆ. ಜೊತೆಗೆ ಎಡ್ವರ್ಡ್ ವಿಲಿಯಮ್ಸ್ ಮತ್ತು ಜೇನ್ ಎಂಬ ಸ್ನೇಹಿತ ದಂಪತಿಗಳು. ಈ ವಿಲಿಯಮ್ಸ್ ಎಳೆವಯಸ್ಸಿನಲ್ಲೇ ನೌಕಾದಳ ಸೇರಿ, ಆಮೇಲೆ ನಮ್ಮ ಹಿಂದೂಸ್ಥಾನದಲ್ಲಿ ಸೈನ್ಯದ ಅಧಿಕಾರಿಯಾಗಿದ್ದು ಹಿಂದಿರುಗಿದವನು. ಎರಡು ಸಂಸಾರಕ್ಕೆ ಎರಡು ಮನೆ ಹುಡುಕಿದರು, ಸಿಕ್ಕಿದ್ದು ಒಂದೇ. ಇನ್ನೂ ಕಾಯಬಹುದಾಗಿತ್ತು. ಆದರೆ ಏಪ್ರಿಲ್ ಕೊನೆಯಲ್ಲಿ ಒಂದು ದುರ್ವಾರ್ತೆ ಬಂತು. ಮೇರಿಯ ಮಲತಂಗಿ ಕ್ಲೇರ್‌ಳಿಗೆ ಬೈರನ್ನನಿಂದ ಹುಟ್ಟಿದ್ದ ಅಲ್ಲೆಗ್ರಾ ಎಂಬ ಐದು ವರ್ಷದ ಹೆಣ್ಣುಮಗು, ತಂದೆ ಇರಿಸಿದ್ದ ಬಾಞಾಕಾವಾಲ್ಲೊದ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ, ತಾಯಿಯ ಮುಖ ಕಾಣದೆ ತೀರಿಹೋಗಿತ್ತು. ಬೈರನ್ ಇರುವ ಪೀಸಾದಲ್ಲಿ ಈ ಸುದ್ದಿ ಕ್ಲೇರ್‌ಳ ಕಿವಿಗೆ ಬಿದ್ದರೆ ಏನಾದೀತೋ ಎಂದು ಹೆದರಿದ ಶೆಲ್ಲಿ ಎಲ್ಲರನ್ನೂ ಅವಸರವಸರವಾಗಿ ಹೊರಡಿಸಿದ. ಹೊಸ ಮನೆಗೆ ಬಂದ ಒಂದೆರಡು ದಿನಗಳಲ್ಲೇ ಕ್ಲೇರ್‌ಳಿಗೆ ವಿಷಯ ತಿಳಿಯಿತು. ಜೀವನದ ಅತ್ಯಂತ ಸುಂದರವಾದ ಬೇಸಗೆಯೆಂದು ಕವಿ ಮೆಚ್ಚಿಕೊಂಡ ದಿನಗಳು ಹೀಗೆ ಒಂದು ಮಗುವಿನ ಸಾವಿನಿಂದ ಆರಂಭವಾದವು.

ಮನೆಯ ಹೆಸರು ಕಾಸಾ ಮಾನ್ಯಿ. ಲೆರಿಚಿಗೆ ಕೂಗಳತೆಯಲ್ಲಿರುವ ಸಾನ್ ತೆರೆಂಜೊ ಎಂಬ ಬೆಸ್ತರ ಹಳ್ಳಿಯಲ್ಲಿ, ನೀರಿನ ಅಂಚಿನಲ್ಲೇ ನಿಂತ ಕಟ್ಟಡ. ಕೆಳಗೆ ಕಮಾನುಗಳು; ನೆಲಕ್ಕೆ ಹಾಸುಗಲ್ಲಿಲ್ಲ; ಅಲೆಗಳು ಉಕ್ಕಿದಾಗ ಅಲ್ಲಿಗೆ ನೀರು ನುಗ್ಗುತ್ತಿತ್ತು. ದೋಣಿಯ ಸಾಮಾನುಗಳನ್ನು ಹಾಕಲು ಮಾತ್ರ ಅದು ಯೋಗ್ಯ. ಮೇಲೆ ಒಂದು ದೊಡ್ಡ ಹಜಾರ, ಸುತ್ತ ನಾಲ್ಕು ಸಣ್ಣ ಕೋಣೆಗಳು, ಮುಂದೆ ಕಡಲಿನ ಮೇಲೆ ಚಾಚಿದ ಜಗಲಿ. ಇದರಲ್ಲಿ ಎರಡು ಸಂಸಾರ, ಮಕ್ಕಳು, ಆಳುಕಾಳುಗಳು. ಮನೆಯ ಸಾಮಾನನ್ನು ದೋಣಿಯಲ್ಲಿ ತಂದರೆ ಸುಂಕದವರು ಕೇಳಿದ ಮೊತ್ತ ಸಾಮಾನಿನ ಬೆಲೆಯನ್ನೂ ಮೀರುವಂತಿತ್ತು. ಕೊನೆಗೆ ಆ ಮನೆಯನ್ನೇ ಒಂದು ಸುಂಕದ ಉಗ್ರಾಣವೆಂದು ಭಾವಿಸಿ ಸಾಮಾನು ಇಳಿಸಲು ರೇವಿನ ಅಧಿಕಾರಿ ಒಪ್ಪಿದ. ಒಂದು ಲೆಕ್ಕದಲ್ಲಿ, ಇಂಗ್ಲಿಷಿನ ಅತ್ಯಂತ ಗಗನಗಾಮಿ ಕವಿ ತನ್ನ ಕೊನೆಯ ಪದ್ಯಗಳನ್ನು ಬರೆದದ್ದು ಕಾನೂನಿನ ಕಣ್ಣಿಗೆ ಒಂದು ಗೋದಾಮಿನಲ್ಲಿ.

ದಿನಸಿ ಬೇಕಾದರೆ ಮೂರು ನಾಲ್ಕು ಮೈಲಿ ದೂರದ ಸಾರ್ಜಾನಾಕ್ಕೆ ಹೋಗಬೇಕು. ನಡುವೆ ಮಾಗ್ರಾ ನದಿ, ಮಳೆ ಬಂದರೆ ದಾರಿ ಕಟ್ಟುತ್ತದೆ. ಅಡಿಗೆಮನೆ ಒಂದೇ, ಎರಡು ಮನೆಯ ಕೆಲಸದವರಿಗೆ ನಿತ್ಯ ಕಲಹ. ತನ್ನ ಮನೆ ತನಗೆ, ತನ್ನ ಪಾತ್ರೆಗಳು ತನಗೆ ಇದ್ದರೆ ಸಾಕೆಂದು ಜೇನ್ ಕೊರಗುತ್ತಿದ್ದಳೆಂದು ಶೆಲ್ಲಿಯೇ ಒಂದು ಕಾಗದದಲ್ಲಿ ವಿನೋದವಾಗಿ ಬರೆದಿದ್ದಾನೆ. ಒಟ್ಟು ಕುಟುಂಬದ ಸುಖದುಃಖ ಬಲ್ಲ ನಮಗೆ ಇದು ವಿನೋದವಾಗಿ ಕಾಣುವುದು ಕಷ್ಟ.

ಈ ಮನೆಯ ಯಜಮಾನಿತಿಗೆ ಆಗ ಇಪ್ಪತ್ತನಾಲ್ಕು ವರ್ಷ. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲೇ 'ಫ್ರಾಂಕೆನ್‌ಸ್ಟೈನ್' ಬರೆದವಳು. ಹೆತ್ತ ನಾಲ್ವರು ಮಕ್ಕಳಲ್ಲಿ ಮೂವರನ್ನು ಕಳೆದುಕೊಂಡವಳು: ಮೊದಲನೆಯದು ಇಂಗ್ಲೆಂಡಿನಲ್ಲಿ, 1815ರಲ್ಲಿ, ಕ್ಲಾರಾ ವೆನಿಸ್ಸಿನಲ್ಲಿ, 1818ರಲ್ಲಿ, ವಿಲಿಯಂ ರೋಮಿನಲ್ಲಿ, 1819ರಲ್ಲಿ. ಉಳಿದವನು ಎರಡೂವರೆ ವರ್ಷದ ಪರ್ಸಿ ಫ್ಲಾರೆನ್ಸ್ ಒಬ್ಬನೇ. ಈಗ ಮತ್ತೆ ಗರ್ಭಿಣಿ. ಆಕೆಯ ತಾಯಿ, ಸ್ತ್ರೀಯರ ಹಕ್ಕುಗಳ ಬಗ್ಗೆ ಬರೆದು ಹೆಸರಾದ ಮೇರಿ ವುಲ್‌ಸ್ಟನ್‌ಕ್ರಾಫ್ಟ್, ಈಕೆಯನ್ನು ಹೆತ್ತ ಹತ್ತು ಹನ್ನೊಂದು ದಿನಗಳಲ್ಲೇ ಬಾಣಂತಿಜ್ವರದಿಂದ ತೀರಿಕೊಂಡಿದ್ದಳು. ವೈದ್ಯನಿಲ್ಲದ, ಭಾಷೆ ಸರಿಯಾಗಿ ಹೊಂದದ, ಅಲೆಗಳ ಅಬ್ಬರ ಹಗಲಿರುಳು ನಿಲ್ಲದ ಆ ಮನೆಯನ್ನು ಕಂಡರೆ ಆಕೆಗೆ ಭಯವಾಗುತ್ತಿತ್ತು. ಈ ಭಯವನ್ನು ಅನೇಕ ಚರಿತ್ರಕಾರರು ಭವಿಷ್ಯದ ಸೂಚನೆಯೆಂದು ವರ್ಣಿಸುತ್ತಾರೆ; ಕೆಲವರು ಕವಿಯ ಹೆಂಡತಿಯಾಗಲು ಬಾರದವಳ ಗೊಣಗಾಟವೆಂದು ತಳ್ಳಿಹಾಕುತ್ತಾರೆ. ಎರಡೂ ಬೇಕಿಲ್ಲ. ಅದು ಕಾರಣವುಳ್ಳ ಭಯ.

ಶೆಲ್ಲಿಗೆ ಅದೇ ಮನೆ ಸ್ವರ್ಗ. ಮೇ 12ರಂದು ಜಿನೋವಾದಿಂದ ಅವನ ದೋಣಿ ಬಂತು. ಸುಮಾರು ಇಪ್ಪತ್ತನಾಲ್ಕು ಅಡಿ ಉದ್ದ, ಎರಡು ಕಂಬ, ಮೇಲ್ಮುಚ್ಚಿಗೆ ಇಲ್ಲ. ವಿಲಿಯಮ್ಸ್ ತಾನೇ ಮೆಚ್ಚಿ ತಂದಿದ್ದ ನಕ್ಷೆಯಂತೆಯೇ ಆಗಬೇಕೆಂದು ಹಟ ಹಿಡಿದು ಮಾಡಿಸಿದ್ದು. ಕಟ್ಟಿಸಿದ ಕ್ಯಾಪ್ಟನ್ ರಾಬರ್ಟ್ಸನಿಗೆ ಆ ನಕ್ಷೆ ಹಿಡಿಸಿರಲಿಲ್ಲ. ದೋಣಿಯ ಹಾಯಿಯ ಮೇಲೆ ಬೈರನ್ನನ ಕಾವ್ಯದ ಹೆಸರು, 'ಡಾನ್ ಜುವಾನ್' ಎಂದು, ದೊಡ್ಡಕ್ಷರಗಳಲ್ಲಿ ಬರೆದು ಕಳುಹಿಸಿದ್ದರು. ಶೆಲ್ಲಿ, ವಿಲಿಯಮ್ಸ್ ಸೇರಿ ಹಲವು ದಿನ ಉಜ್ಜಿ ತೊಳೆದರೂ ಹೋಗದೆ, ಕೊನೆಗೆ ಆ ಭಾಗವನ್ನೇ ಕತ್ತರಿಸಿ ಬೇರೆ ಬಟ್ಟೆ ಹೊಲಿಸಬೇಕಾಯಿತು. ದೋಣಿ ಬಹಳ ವೇಗದ್ದು, ಆದರೆ ಸಮತೋಲಕ್ಕೆ ತಳದಲ್ಲಿ ಬಹು ಭಾರ ಹೇರಬೇಕಾಗಿತ್ತು. ಜೂನ್ ತಿಂಗಳಲ್ಲಿ ಅದು ಇನ್ನೂ ದೊಡ್ಡದಾಗಿ ಕಾಣಲೆಂದು ಮುಂದೆ ಹಿಂದೆ ತುಂಡು ಜೋಡಿಸಿ, ಕಂಬಗಳನ್ನು ಎತ್ತರಿಸಿ ಹಾಯಿ ಹೆಚ್ಚಿಸಿದರು. ಶೆಲ್ಲಿಗೆ ಈಜು ಬರುತ್ತಿರಲಿಲ್ಲ.

ಹಗಲು ದೋಣಿ, ಸಂಜೆ ಜಗಲಿಯ ಮೇಲೆ ಜೇನ್‌ಳ ಗಿಟಾರು. ಆ ಗಿಟಾರನ್ನು ಶೆಲ್ಲಿಯೇ ಕೊಡಿಸಿದ್ದ; ಅದರ ಮೇಲೆ ಒಂದು ಪದ್ಯವನ್ನೂ ಬರೆದಿದ್ದ. ಈಗ ಅದು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಜೇನ್‌ಳನ್ನು ಕುರಿತ ಪದ್ಯಗಳು ಮೇರಿಯ ಕಣ್ಣಿಗೆ ಬೀಳದಿರಲೆಂಬ ಎಚ್ಚರವೂ ಅವನಲ್ಲಿತ್ತು. 'ಬದುಕಿನ ವಿಜಯಯಾತ್ರೆ' ಎಂದು ಕನ್ನಡಿಸಬಹುದಾದ ದೀರ್ಘ ಕವನ ದಾಂಟೆಯ ಮೂರು ಸಾಲಿನ ಛಂದಸ್ಸಿನಲ್ಲಿ ಸಾಗುತ್ತಿತ್ತು. ಅದರ ಹಸ್ತಪ್ರತಿಯ ಹಾಳೆಗಳಲ್ಲಿ ಕವನದ ನಡುನಡುವೆ ಹಾಯಿದೋಣಿಗಳ ರೇಖಾಚಿತ್ರಗಳಿವೆ. ಐನೂರಕ್ಕೂ ಹೆಚ್ಚು ಸಾಲು ನಡೆದು, ಬದುಕೆಂದರೇನೆಂಬ ಪ್ರಶ್ನೆ ಎದ್ದ ಸ್ವಲ್ಪದರಲ್ಲೇ ಕವನ ವಾಕ್ಯದ ನಡುವೆ ನಿಂತುಹೋಗುತ್ತದೆ.

ಜೂನ್ 16ರಂದು ಮೇರಿಗೆ ಗರ್ಭಪಾತವಾಯಿತು. ಏಳು ಗಂಟೆಗಳ ಕಾಲ ರಕ್ತ ಹೋಗಿ ಆಕೆ ಅರೆಪ್ರಜ್ಞೆಯಲ್ಲಿದ್ದಳು. ವೈದ್ಯನಿಗೆ ಹೇಳಿಕಳುಹಿಸಿತ್ತು, ಬಂದಿರಲಿಲ್ಲ. ಮಂಜುಗಡ್ಡೆ ಮಾತ್ರ ಹೇಗೋ ಬಂತು. ಉಳಿದವರು ಹಾಗೆ ಮಾಡಲು ಅಂಜಿ ಹಿಂಜರಿಯುತ್ತಿದ್ದಾಗ ಶೆಲ್ಲಿ ಒಂದು ನಿರ್ಧಾರ ಮಾಡಿ ಆಕೆಯನ್ನು ಮಂಜುಗಡ್ಡೆಯ ತೊಟ್ಟಿಯಲ್ಲಿ ಕೂರಿಸಿದ, ರಕ್ತ ನಿಂತಿತು. ವೈದ್ಯ ಬರುವ ವೇಳೆಗೆ ಅಪಾಯ ಕಳೆದಿತ್ತು. ಲೋಕದ ಕೆಲಸಗಳಿಗೆ ಬಾರದ ಗಂಧರ್ವನೆಂದು ಶೆಲ್ಲಿಯನ್ನು ಹೊಗಳಿಯೋ ಹಳಿದೋ ಬರೆಯುವವರು ಈ ಸಂಗತಿಯನ್ನು ನೆನೆಯುವುದು ಕಡಮೆ. ಅದನ್ನು ಕೃತಜ್ಞತೆಯಿಂದ ದಾಖಲಿಸಿದವಳು ಮೇರಿಯೇ.

ವಾರ ಕಳೆಯುವುದರೊಳಗೆ ಇನ್ನೊಂದು ರಾತ್ರಿ ಶೆಲ್ಲಿ ಚೀರುತ್ತ ಆಕೆಯ ಕೋಣೆಗೆ ಓಡಿ ಬಂದ. ಎದ್ದು ನಿಲ್ಲಲಾರದ ಮೇರಿ ಹಜಾರ ದಾಟಿ ಜೇನ್‌ಳ ಬಾಗಿಲಲ್ಲಿ ಹೋಗಿ ಬಿದ್ದಳು. ಅವನು ಕಂಡ ಕನಸು ಇದು: ಮೈಯೆಲ್ಲ ಹರಿದು ರಕ್ತ ಸುರಿಯುತ್ತಿರುವ ವಿಲಿಯಮ್ಸ್ ದಂಪತಿಗಳು ಬಂದು, ಸಮುದ್ರ ಮನೆಯೊಳಗೆ ನುಗ್ಗುತ್ತಿದೆ, ಏಳು ಎನ್ನುತ್ತಾರೆ, ಆಮೇಲೆ ನೋಟ ಬದಲಾಗಿ ತಾನೇ ಮೇರಿಯ ಕತ್ತು ಹಿಸುಕುತ್ತಿರುವಂತೆ ಕಾಣುತ್ತದೆ. ಈ ಕನಸಿನ ಮೊದಲ ಭಾಗವನ್ನು ಎಲ್ಲರೂ ಉದಾಹರಿಸುತ್ತಾರೆ, ಏಕೆಂದರೆ ಅದು ನಿಜವಾಯಿತು. ಎರಡನೆಯ ಭಾಗದ ಮೇಲೆ ಅನೇಕರು ಬೇಗ ದಾಟಿಹೋಗುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಬೇಸಗೆಯಲ್ಲಿ ನಾನು ಸ್ಪೆಜಿಯಾದವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸಿನಲ್ಲಿ ಆ ಊರನ್ನು ಮುಟ್ಟಿದ್ದೆ. ಕೊಲ್ಲಿಗೆ ಈಗ 'ಕವಿಗಳ ಕೊಲ್ಲಿ' ಎಂದೇ ಹೆಸರು. ಬಿಳಿಯ ಗೋಡೆಯ ಮನೆ, ಕಮಾನುಗಳು, ಶೆಲ್ಲಿಯ ಹೆಸರಿನ ಫಲಕ ಎಲ್ಲವೂ ಇವೆ. ಆದರೆ ಮನೆಗೂ ಕಡಲಿಗೂ ನಡುವೆ ಒಂದು ರಸ್ತೆ ಬಂದಿದೆ. ರಸ್ತೆಯಾಚೆ ಬಣ್ಣದ ಕೊಡೆಗಳ ಕೆಳಗೆ ರಜಕ್ಕೆ ಬಂದ ಜನ. ಅಷ್ಟು ಚೆಲುವಾದ ನೀರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ರಸ್ತೆಯನ್ನು ಮನಸ್ಸಿನಲ್ಲೇ ಅಳಿಸಿ, ನೀರು ಕಮಾನಿನೊಳಗೆ ಬಂದಂತೆ ಕಲ್ಪಿಸಿಕೊಂಡು ನೋಡಿದಾಗ ಒಂದು ಮಾತು ಹೊಳೆಯಿತು. ಆ ಜಗಲಿಯಿಂದ ಕಾಣುವುದು ಕಡಲೊಂದೇ. ದೋಣಿಯಲ್ಲಿ ಹೋಗುವವನಿಗೆ ಅದು ದಾರಿ. ಕಾಯುವವಳಿಗೆ ಅದು ಗೋಡೆ.

ಜುಲೈ 1ರಂದು ಶೆಲ್ಲಿ ಲಿವೊರ್ನೊಗೆ ಹೊರಟ. ಲೀ ಹಂಟ್ ತನ್ನ ಹೆಂಡತಿ ಮತ್ತು ಆರು ಮಕ್ಕಳೊಂದಿಗೆ ಇಂಗ್ಲೆಂಡಿನಿಂದ ಬಂದಿಳಿದಿದ್ದ. ಬೈರನ್, ಶೆಲ್ಲಿ, ಹಂಟ್ ಮೂವರೂ ಸೇರಿ 'ದಿ ಲಿಬರಲ್' ಎಂಬ ಪತ್ರಿಕೆ ಹೊರಡಿಸುವ ಯೋಜನೆ. ಇನ್ನೂ ಹಾಸಿಗೆಯಿಂದ ಚೇತರಿಸದ ಮೇರಿ ಗಂಡನನ್ನು ಎರಡು ಮೂರು ಸಲ ಹಿಂದಕ್ಕೆ ಕರೆದಳು, ಬೇಗ ಬಾರದಿದ್ದರೆ ಮಗುವನ್ನು ಎತ್ತಿಕೊಂಡು ಪೀಸಾಕ್ಕೆ ಹೋಗಿಬಿಡುತ್ತೇನೆ ಎಂದಳು, ಅತ್ತಳು. ಅವನು ಹೋದ.

ಹಂಟನ ಸಂಸಾರವನ್ನು ಪೀಸಾದಲ್ಲಿ ಬೈರನ್ನನ ಮನೆಯ ಕೆಳಅಂತಸ್ತಿನಲ್ಲಿ ನೆಲೆಗೊಳಿಸಿ ಶೆಲ್ಲಿ, ವಿಲಿಯಮ್ಸ್ ಮತ್ತು ಚಾರ್ಲ್ಸ್ ವಿವಿಯನ್ ಎಂಬ ಹದಿನೆಂಟರ ಹುಡುಗ, ಈ ಮೂವರು ಜುಲೈ 8ರ ಸೋಮವಾರ ಮಧ್ಯಾಹ್ನ ಲಿವೊರ್ನೊ ಬಿಟ್ಟರು. ಬೈರನ್ನನ ದೊಡ್ಡ ನೌಕೆಯಲ್ಲಿ ಟ್ರೆಲಾನಿ ಜೊತೆಗೆ ಹೋಗಬೇಕೆಂದಿದ್ದ. ರೇವಿನ ಅಪ್ಪಣೆ ಚೀಟಿ ಇಲ್ಲವೆಂದು ಕಾವಲಿನವರು ತಡೆದರು. ಸೆಕೆ, ಮೋಡ, ಆಮೇಲೆ ಬಿರುಗಾಳಿ. ದುರ್ಬೀನಿನಲ್ಲಿ ನೋಡುತ್ತಿದ್ದ ರಾಬರ್ಟ್ಸನಿಗೆ ಮಬ್ಬು ಮುಚ್ಚುವವರೆಗೆ ದೋಣಿ ಕಂಡಿತು. ಶೆಲ್ಲಿಗೆ ಮೂವತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು.

ಮುಂದಿನ ಹನ್ನೊಂದು ದಿನಗಳನ್ನು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಮೇರಿ ಆಗಸ್ಟ್ 15ರಂದು ಸ್ನೇಹಿತೆ ಮರಾಯಾ ಗಿಸ್ಬೋರ್ನ್‌ಳಿಗೆ ಬರೆದ ದೀರ್ಘ ಪತ್ರದಲ್ಲಿ ಅವು ದಿನದಿನವಾಗಿ ಉಳಿದಿವೆ. ಮೊದಲ ಕೆಲವು ದಿನ ಗಾಳಿ ಪ್ರತಿಕೂಲವಾಗಿದೆ, ಹೊರಟಿರಲಾರರು ಎಂಬ ಸಮಾಧಾನ. ಶುಕ್ರವಾರ ಅಂಚೆ ಬಂತು. ಹಂಟ್ ಶೆಲ್ಲಿಗೆ ಬರೆದ ಕಾಗದ. ಸೋಮವಾರ ಹವೆ ಕೆಟ್ಟಿತ್ತಲ್ಲ, ಕ್ಷೇಮವಾಗಿ ಮನೆ ಸೇರಿದಿರಾ ಎಂದು ಕೇಳಿದ್ದ. ಕಾಗದ ಮೇರಿಯ ಕೈಯಿಂದ ಬಿತ್ತು. ಆ ಕ್ಷಣವೇ ಇಬ್ಬರು ಹೆಂಗಸರೂ ಹೊರಟರು. ಗರ್ಭಪಾತವಾಗಿ ನಾಲ್ಕು ವಾರವೂ ಆಗದ ಮೇರಿ ಗಾಡಿಯಲ್ಲಿ ನಡುರಾತ್ರಿ ಪೀಸಾ ಮುಟ್ಟಿ ಬೈರನ್ನನ ಬಾಗಿಲು ತಟ್ಟಿದಳು. ಅವನಿಗೆ ಏನೂ ಗೊತ್ತಿರಲಿಲ್ಲ. ಅಲ್ಲಿಂದ ಲಿವೊರ್ನೊ. ಬೆಳಿಗ್ಗೆ ರಾಬರ್ಟ್ಸ್ ಸಿಕ್ಕಿ ತಾನು ಕಂಡದ್ದನ್ನು ಹೇಳಿದ. ಹಿಂದಿರುಗುವ ದಾರಿಯಲ್ಲಿ ವಿಯಾರೆಜ್ಜೊದಲ್ಲಿ, ದೋಣಿಗೆ ಕಟ್ಟಿದ್ದ ಸಣ್ಣ ನಾವೆಯೂ ಒಂದು ನೀರಿನ ಪೀಪಾಯಿಯೂ ದಡಕ್ಕೆ ಬಂದಿವೆಯೆಂದು ತಿಳಿಯಿತು. ಕಾಸಾ ಮಾನ್ಯಿಗೆ ಮರಳಿದರೆ ಹಳ್ಳಿಯಲ್ಲಿ ಹಬ್ಬ. ಬೆಸ್ತರ ಹೆಂಗಸರು ಗಂಡಸರು ರಾತ್ರಿಯೆಲ್ಲ ಮನೆಯ ಮುಂದಿನ ಮರಳಿನಲ್ಲಿ ಕುಣಿಯುತ್ತ, ನೀರಿಗಿಳಿದು ಮತ್ತೆ ಓಡಿಬರುತ್ತ, ಒಂದೇ ಹಾಡನ್ನು ಕೂಗಿ ಕೂಗಿ ಹಾಡುತ್ತಿದ್ದರು. 19ರಂದು ಟ್ರೆಲಾನಿ ಬಂದು ನಿಂತಾಗ ಕೇಳುವುದು ಏನೂ ಉಳಿದಿರಲಿಲ್ಲ. ಮರುದಿನ ಅವರು ಮನೆ ಬಿಟ್ಟರು.

ಮುಂದಿನದು ಗಂಡಸರ ಕಥೆ. ವಿಲಿಯಮ್ಸನ ದೇಹ ದಡ ಸೇರಿದ್ದು ಟಸ್ಕನಿಯ ಮರಳಿನಲ್ಲಿ, ಶೆಲ್ಲಿಯದು ಲುಕ್ಕಾದ ವಿಯಾರೆಜ್ಜೊದಲ್ಲಿ. ಜೇಬಿನಲ್ಲಿದ್ದ ಕೀಟ್ಸನ ಪುಸ್ತಕದಿಂದ ಗುರುತು ಸಿಕ್ಕಿತು. ಸೋಂಕಿನ ಭಯದಿಂದ, ಕಡಲು ತಂದ ಹೆಣವನ್ನು ಸುಣ್ಣದಲ್ಲಿ ಹೂಳಬೇಕೆಂಬ ಕಾನೂನು. ಅಗೆದು ಸಾಗಿಸಬೇಕಾದರೆ ಎರಡು ಸರ್ಕಾರಗಳ ಅಪ್ಪಣೆ. ಚಿತೆಗೆ ಕಾರಣ ಇದು. ಗ್ರೀಕ್ ವೈಭವ ಆಮೇಲೆ ಬಂದದ್ದು. ಧೂಪ, ದ್ರಾಕ್ಷಾರಸ, ಎಣ್ಣೆ, ಉಪ್ಪುಗಳನ್ನು ಸುರಿದವನು ಟ್ರೆಲಾನಿ. ಸುಡದೆ ಉಳಿದ ಹೃದಯವನ್ನು ಬೆಂಕಿಯಿಂದ ಕಿತ್ತೆನೆಂದು ಬರೆದವನೂ ಅವನೇ. ಅದು ಹೃದಯವೇ, ಬೇರೆ ಅಂಗವೇ ಎಂದು ವೈದ್ಯರು ಆಮೇಲೆ ಸಂದೇಹಪಟ್ಟಿದ್ದಾರೆ. ಟ್ರೆಲಾನಿ ಈ ಘಟನೆಯನ್ನು 1858ರಲ್ಲಿ ಒಂದು ಪುಸ್ತಕ, 1878ರಲ್ಲಿ ಇನ್ನೊಂದು ಪುಸ್ತಕ ಎಂದು ಮತ್ತೆ ಮತ್ತೆ ಹೇಳಿದ; ಹೇಳಿದಂತೆಲ್ಲ ಕಥೆ ಬೆಳೆಯಿತು. ಮುದಿತನದಲ್ಲಿ, ದೋಣಿಯನ್ನು ದರೋಡೆಗಾರರು ಡಿಕ್ಕಿ ಹೊಡೆದು ಮುಳುಗಿಸಿದರೆಂಬ ಮಾತನ್ನೂ ಸೇರಿಸಿದ. ಅವನು ಅಸಾಧಾರಣ ಕಥೆಗಾರ. ಸಾಕ್ಷಿಯಾಗಿ ಅಷ್ಟು ಒಳ್ಳೆಯವನಲ್ಲ. ಮೇಲ್ಮುಚ್ಚಿಗೆಯಿಲ್ಲದ, ಅತಿ ಹಾಯಿ ಹೊತ್ತ, ತಳಭಾರ ಹೆಚ್ಚಾದ ದೋಣಿ ಬಿರುಗಾಳಿಯಲ್ಲಿ ನೀರು ತುಂಬಿ ಮುಳುಗಲು ದರೋಡೆಗಾರರು ಬೇಕಾಗಿಲ್ಲ.

ಹೃದಯ ಯಾರಿಗೆ ಸೇರಬೇಕೆಂಬ ಜಗಳವೂ ನಡೆಯಿತು. ತನ್ನ ಸ್ನೇಹದ ಹಕ್ಕು ದೊಡ್ಡದೆಂದು ಹಂಟ್ ಅದನ್ನು ಹೆಂಡತಿಗೆ ಕೊಡಲು ಮೊದಲು ಒಪ್ಪಲಿಲ್ಲ. ಜೇನ್ ನಡುವೆ ಬಂದು ಹೇಳಿದ ಮೇಲೆ ಅದು ಮೇರಿಯ ಕೈ ಸೇರಿತು.

1823ರಲ್ಲಿ ಮೇರಿ ಮಗನೊಂದಿಗೆ ಇಂಗ್ಲೆಂಡಿಗೆ ಹಿಂದಿರುಗಿದಳು. ಗಂಡನ ಹಾಳೆಗಳು ಆಕೆಯ ಬಳಿ ಇದ್ದವು: ಹೊಡೆದುಹಾಕಿದ ಸಾಲುಗಳು, ಒಂದರ ಮೇಲೊಂದು ಬರೆದ ಪದಗಳು, ಅಂಚಿನಲ್ಲಿ ದೋಣಿಗಳು, ಮರಗಳು. ಯಾವ ಸಾಲು ಯಾವ ಕವನಕ್ಕೆ ಸೇರಿದ್ದೆಂದು ಬಿಡಿಸಬಲ್ಲವಳು ಆಕೆಯೊಬ್ಬಳೇ. 1824ರಲ್ಲಿ 'ಮರಣೋತ್ತರ ಕವಿತೆಗಳು' ಪ್ರಕಟವಾಗಿ, ಕಾಸಾ ಮಾನ್ಯಿಯಲ್ಲಿ ಬರೆದ ಕೊನೆಯ ಕವನವನ್ನು ಲೋಕ ಮೊದಲ ಬಾರಿ ಓದಿತು. ಮುನ್ನೂರರಷ್ಟು ಪ್ರತಿ ಮಾರಾಟವಾಗುವುದರೊಳಗೆ ಮಾವ ಸರ್ ಟಿಮೊಥಿ ಶೆಲ್ಲಿ ಕೆರಳಿದ. ಮಗನ ಹೆಸರು ಮತ್ತೆ ಪತ್ರಿಕೆಗಳಲ್ಲಿ ಕಂಡರೆ ಮೊಮ್ಮಗನಿಗೆ ಕೊಡುವ ಜೀವನಾಂಶ ನಿಲ್ಲಿಸುವೆನೆಂದ. ಪುಸ್ತಕವನ್ನು ಹಿಂತೆಗೆದುಕೊಳ್ಳಬೇಕಾಯಿತು. ಮುದುಕ ಬದುಕಿದ್ದು ತೊಂಬತ್ತು ವರ್ಷ, 1844ರವರೆಗೆ. 1839ರ ಹೊತ್ತಿಗೆ ಕವಿತೆಗಳ ಪ್ರಕಟಣೆಗೆ ಒಪ್ಪಿಗೆ ಸಿಕ್ಕಿತು. ಜೀವನಚರಿತ್ರೆ ಮಾತ್ರ ಕೂಡದು ಎಂದ. ಮೇರಿ ನಾಲ್ಕು ಸಂಪುಟಗಳನ್ನು ಸಂಪಾದಿಸಿ, ಪ್ರತಿಯೊಂದು ವರ್ಷದ ಕವಿತೆಗಳ ಕೊನೆಗೆ ಟಿಪ್ಪಣಿ ಎಂಬ ಹೆಸರಿನಲ್ಲಿ, ಬರೆಯಬಾರದೆಂದಿದ್ದ ಆ ಚರಿತ್ರೆಯನ್ನೇ ಬರೆದಳು. ಆ ಕೆಲಸ ಆಕೆಯನ್ನು ಕಾಯಿಲೆಗೆ ಬೀಳಿಸಿತು.

1822ರ ಟಿಪ್ಪಣಿಯಲ್ಲಿ ಮನೆಯಿದೆ, ಅಲೆಗಳಿವೆ, ಕೊಲ್ಲಿಯ ಬಣ್ಣಗಳಿವೆ. ಆ ಸ್ಥಳದ ಚೆಲುವನ್ನು ಶೆಲ್ಲಿಗಿಂತ ಕಡಿಮೆಯಾಗಿ ಆಕೆ ಎಲ್ಲಿಯೂ ಹೇಳುವುದಿಲ್ಲ. ತನಗೆ ಅಲ್ಲಿ ಆದ ಭಯವನ್ನೂ ಮರೆಮಾಚುವುದಿಲ್ಲ. ಜೇನ್‌ಳ ಗಿಟಾರನ್ನು ಕುರಿತ ಪದ್ಯವೂ ಆ ಸಂಗ್ರಹದಲ್ಲಿ ಸೇರಿದೆ.

ಮೇರಿ ತೀರಿಕೊಂಡದ್ದು 1851ರಲ್ಲಿ. ಆಮೇಲೆ ಮಗ ಸೊಸೆಯರು ಆಕೆಯ ಬರೆಯುವ ಮೇಜನ್ನು ತೆರೆದು ನೋಡಿದರು. ಸತ್ತ ಮಕ್ಕಳ ಕೂದಲಿನ ಎಳೆಗಳು, ಗಂಡ ಹೆಂಡಿರು ಇಬ್ಬರೂ ಬರೆಯುತ್ತಿದ್ದ ಒಂದು ಪುಸ್ತಕ, ಕೀಟ್ಸನಿಗಾಗಿ ಶೆಲ್ಲಿ ಬರೆದ ಶೋಕಗೀತೆ 'ಅಡೊನೈಸ್'ನ ಒಂದು ಪ್ರತಿ ಇದ್ದವು. ಆ ಪ್ರತಿಯ ಒಂದು ಹಾಳೆಯನ್ನು ಮಡಿಸಿ, ರೇಷ್ಮೆಯ ಸಣ್ಣ ಗಂಟೊಂದನ್ನು ಸುತ್ತಿಡಲಾಗಿತ್ತು. ಬಿಚ್ಚಿದರೆ ಒಳಗೆ ಸ್ವಲ್ಪ ಬೂದಿ, ಒಣಗಿ ಪುಡಿಯಾಗುತ್ತಿದ್ದ ಒಂದು ಮಾಂಸದ ಚೂರು.